ಬಾಯಂಚಿನ ಲೆಕ್ಕ: ಹಳೆಯ ಗಾಜಿನ ಜಾಡಿಗಳನ್ನು ಮತ್ತೆ ಕೆಲಸಕ್ಕೆ ತಂದ ಬಗೆ

ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಗಾಜಿನ ಜಾಡಿಗಳನ್ನು ಮತ್ತೆ ಆಹಾರ ಕಾಪಿಡುವ ಕೆಲಸಕ್ಕೆ ಹಚ್ಚುವಾಗ ನನ್ನ ಸಮಯದ ದೊಡ್ಡ ಪಾಲು ಹೋದದ್ದು ಅವುಗಳ ಬಾಯಂಚಿಗೆ. ಮುಚ್ಚಳ ಕೂರುವುದು ಕೆಲವೇ ಮಿಲಿಮೀಟರ್ ಅಗಲದ ಆ ಸುತ್ತಂಚಿನ ಮೇಲೆ. ಅದು ನಯವಾಗಿ, ಸಮತಟ್ಟಾಗಿ ಇದ್ದರೆ ಉಳಿದುದನ್ನೆಲ್ಲ ಹೇಗಾದರೂ ಸರಿಪಡಿಸಬಹುದು. ಅದು ಕೆಟ್ಟಿದ್ದರೆ ಜಾಡಿ ಎಷ್ಟೇ ಚೆನ್ನಾಗಿ ಹೊಳೆಯಲಿ, ಬಿಸಿ ಮಾಡಿ ಗಾಳಿಯಾಡದಂತೆ ಮುಚ್ಚುವ ಕೆಲಸಕ್ಕೆ ಬಾರದು. ಆದ್ದರಿಂದ ತೊಳೆಯುವುದಕ್ಕೂ ಮೊದಲು ವಿಂಗಡಣೆಗೆ ಕುಳಿತೆ. ಕೊನೆಗೆ ಕೆಲಸಕ್ಕೆ ಬಾರದೆಂದು ಹೊರಬೀಳುವ ಜಾಡಿಯನ್ನು ಉಜ್ಜಿ ಉಜ್ಜಿ ಬೆಳಗುವುದರಲ್ಲಿ ಅರ್ಥವಿಲ್ಲ.

ಪೆಟ್ಟಿಗೆಯಲ್ಲಿ ಇದ್ದದ್ದು ಮೂರು ಬಗೆ. ತಿರುಪಿನ ಬಾಯಿ ಇದ್ದು, ಚಪ್ಪಟೆ ತಗಡಿನ ಮುಚ್ಚಳ ಮತ್ತು ಅದನ್ನು ಹಿಡಿದಿಡುವ ಬೇರೆ ಬಳೆ ಇರುವವು ಒಂದು. ಗಾಜಿನ ಮುಚ್ಚಳ, ರಬ್ಬರ್ ಉಂಗುರ ಮತ್ತು ತಂತಿಯ ಕ್ಲಿಪ್ ಇರುವವು ಎರಡನೆಯವು. ಮೂರನೆಯವು ಜಾಮ್, ಸಾಸ್ ತುಂಬಿಕೊಂಡು ಬಂದ ಖಾಲಿ ಬಾಟಲಿಗಳು. ಇವುಗಳ ಗಾಜು ಸಾಮಾನ್ಯವಾಗಿ ತೆಳು, ಮುಚ್ಚಳದ ಒಳಗಿನ ಪದರವೂ ಒಮ್ಮೆ ಬಳಸಿ ಮುಗಿದದ್ದು. ಅವನ್ನು ಫ್ರಿಜ್‌ನೊಳಗಿನ ಬಳಕೆಗೆಂದು ನೇರವಾಗಿ ಬದಿಗಿಟ್ಟೆ.

ಮುಚ್ಚಳ ಎಲ್ಲಿ ಕೂತು ಬಿಗಿಯುತ್ತದೆ ಎಂಬುದೇ ಈ ಜಾಡಿಗಳ ಚರಿತ್ರೆಯ ತಿರುಳು ಎನಿಸುತ್ತದೆ ನನಗೆ. ಫ್ರಾನ್ಸಿನ ನಿಕೊಲಾ ಅಪೆರ್ ಆಹಾರವನ್ನು ಗಾಜಿನ ಬಾಟಲಿಗಳಲ್ಲಿ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಕಾಪಾಡುವ ವಿಧಾನವನ್ನು 1810ರಲ್ಲಿ ಪ್ರಕಟಿಸಿದ. ಆಹಾರ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂದು ಪಾಶ್ಚರ್ ತೋರಿಸುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಈ ವಿಧಾನ ಕೆಲಸ ಮಾಡುತ್ತಿತ್ತು. 1858ರಲ್ಲಿ ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ ತಿರುಪಿನ ಬಾಯಿಯ ಜಾಡಿಗೆ ಪೇಟೆಂಟ್ ಪಡೆದ. ಆ ಕಾಲದ ಜಾಡಿಗಳಲ್ಲಿ ಸತುವಿನ ಮುಚ್ಚಳ ಕೆಳಗಿಳಿದು ಜಾಡಿಯ ಭುಜದ ಮೇಲಿನ ರಬ್ಬರ್ ಉಂಗುರವನ್ನು ಒತ್ತುತ್ತಿತ್ತು. ಈಗಿನ ಎರಡು ತುಂಡಿನ ಮುಚ್ಚಳಗಳು ಬಾಯಂಚಿನ ನೆತ್ತಿಯ ಮೇಲೆ ಕೂರುತ್ತವೆ. ಹಳೆಯ ಜಾಡಿಗಳ ಭುಜ ನೋಡಬೇಕು, ಹೊಸ ಜಾಡಿಗಳ ನೆತ್ತಿ ನೋಡಬೇಕು. ನನ್ನ ಬಳಿ ಇದ್ದ ತಿರುಪು ಜಾಡಿಗಳೆಲ್ಲ ನೆತ್ತಿ ನೋಡಬೇಕಾದ ಹೊಸ ಜಾತಿಯವೇ.

ಪರೀಕ್ಷೆ

ಮೊದಲು ಉಗುರು. ಹೆಬ್ಬೆರಳಿನ ಉಗುರನ್ನು ಬಾಯಂಚಿನ ಒಳಬದಿ, ನೆತ್ತಿ, ಹೊರಬದಿ ಹೀಗೆ ಮೂರು ಸುತ್ತು ನಿಧಾನವಾಗಿ ಓಡಿಸಿದೆ. ಉಗುರಿಗೆ ಸಿಕ್ಕದ ಸಣ್ಣ ಚಕ್ಕೆಗಳನ್ನು ಹಿಡಿಯಲು ಹತ್ತಿಯೇ ಸರಿ. ಒಣಗಿದ ಅಂಚಿನ ಮೇಲೆ ಹತ್ತಿಯ ಉಂಡೆಯನ್ನು ಹಗುರವಾಗಿ ಎಳೆದರೆ, ಗಾಜು ಎದ್ದಿರುವ ಜಾಗದಲ್ಲಿ ಒಂದೆರಡು ಎಳೆ ಸಿಕ್ಕಿಕೊಂಡು ನಿಲ್ಲುತ್ತವೆ. ಬೆಳಕಿಗೆ ಹಿಡಿದರೆ ಆ ಎಳೆಗಳು ನೆಟ್ಟಗೆ ನಿಂತು ಚಕ್ಕೆ ಎಲ್ಲಿದೆ ಎಂದು ತೋರಿಸಿಕೊಡುತ್ತವೆ. ಕಣ್ಣಿಗೆ ಸಂಪೂರ್ಣ ಸರಿಯೆಂದು ಕಂಡ ಹಲವು ಜಾಡಿಗಳು ಹತ್ತಿಯ ಪರೀಕ್ಷೆಯಲ್ಲಿ ಹೊರಬಿದ್ದವು.

ಆಮೇಲೆ ಕತ್ತಲೆ ಕೋಣೆ ಮತ್ತು ಟಾರ್ಚ್. ಟಾರ್ಚನ್ನು ಜಾಡಿಯ ಒಳಗೆ ಇಳಿಬಿಟ್ಟು ಜಾಡಿಯನ್ನು ತಿರುಗಿಸುತ್ತಾ ಹೋದಾಗ ಮೇಲ್ಮೈಯ ಗೀರು ಬೂದು ಗೆರೆಯಾಗಿಯೇ ಇರುತ್ತದೆ. ಬಿರುಕಾದರೆ ಒಂದು ಕೋನದಲ್ಲಿ ಥಟ್ಟನೆ ಬೆಳ್ಳಗೆ ಮಿಂಚಿ, ಇನ್ನೊಂದು ಕೋನದಲ್ಲಿ ಮಾಯವಾಗುತ್ತದೆ. ಅಚ್ಚಿನ ಗೆರೆಯನ್ನು ನೋಡಿ ಗಾಬರಿಯಾಗಬೇಕಿಲ್ಲ, ಅದು ಉಗುರಿಗೆ ಸಿಗುತ್ತದೆ ಮತ್ತು ಜಾಡಿಯ ಎದುರುಬದುರು ಬದಿಗಳಲ್ಲಿ ನೇರವಾಗಿ ಇಳಿದಿರುತ್ತದೆ. ತಳ ಮತ್ತು ಗೋಡೆ ಸೇರುವ ಸುತ್ತನ್ನು ವಿಶೇಷವಾಗಿ ನೋಡಿದೆ. ಬಿಸಿಯ ಆಘಾತಕ್ಕೆ ಜಾಡಿ ಒಡೆಯುವಾಗ ತಳವೇ ಉಂಗುರದಂತೆ ಕಳಚಿ ಬೀಳುವುದುಂಟು. ತಳ ದಪ್ಪ, ಗೋಡೆ ತೆಳು. ಎರಡೂ ಒಂದೇ ವೇಗದಲ್ಲಿ ಬಿಸಿಯಾಗುವುದಿಲ್ಲ, ಆ ಎಳೆದಾಟ ಬೀಳುವುದು ಈ ಮೂಲೆಯ ಮೇಲೆಯೇ.

ಕೊನೆಯದು ಸಮತಟ್ಟಿನ ಪರೀಕ್ಷೆ. ಒಂದು ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ ಜಾಡಿಯನ್ನು ಬೋರಲು ಹಾಕಿ, ಆಚೆಬದಿಯಿಂದ ಟಾರ್ಚ್ ಹಿಡಿದೆ. ಅಂಚಿನ ಕೆಳಗೆ ಬೆಳಕಿನ ಗೆರೆ ಕಂಡರೆ ಅಲ್ಲಿ ತಗ್ಗು ಇದೆ ಎಂದರ್ಥ. ಎದುರುಬದುರು ಬೆರಳಿಟ್ಟು ಒತ್ತಿದಾಗ ಜಾಡಿ ತೊನೆದಾಡಿದರೂ ಅದೇ ತೀರ್ಪು. ತಿರುಪು ಜಾಡಿಗಳಿಗೆ ಈ ಪರೀಕ್ಷೆ ಚೆನ್ನಾಗಿ ಹೊಂದುತ್ತದೆ. ಗಾಜಿನ ಮುಚ್ಚಳದ ಜಾಡಿಗಳಲ್ಲಿ ದಪ್ಪ ರಬ್ಬರ್ ಉಂಗುರವಿರುವುದರಿಂದ ಸ್ವಲ್ಪ ಏರುಪೇರನ್ನು ಅದು ನುಂಗಿಕೊಳ್ಳುತ್ತದೆ.

ಚಕ್ಕೆ ಎದ್ದ ಅಂಚನ್ನು ಒದ್ದೆ ಎಮರಿ ಕಾಗದದಲ್ಲಿ ಉಜ್ಜಿ ನಯಗೊಳಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಉಜ್ಜಬಹುದು, ನಾನೂ ಕೆಲವನ್ನು ಉಜ್ಜಿದ್ದೇನೆ, ಕೈಗೆ ಕೊಯ್ಯದಿರಲಿ ಎಂದು. ನೀರು ಹಾಕುತ್ತಲೇ ಉಜ್ಜಬೇಕು, ಗಾಜಿನ ಒಣ ದೂಳು ಉಸಿರಿಗೆ ಹೋಗಬಾರದು. ಆದರೆ ಉಜ್ಜಿದ ಜಾಡಿಗೆ ಮತ್ತೆ ಬಿಸಿಯ ಕೆಲಸ ಕೊಡುವುದಿಲ್ಲ. ಚಕ್ಕೆ ಎದ್ದಾಗ ಅದರಡಿಯಲ್ಲಿ ಕಾಣದ ಸೀಳುಗಳು ಉಳಿದಿರಬಹುದು, ಎಮರಿ ಕಾಗದ ಇನ್ನಷ್ಟು ಗೀರುಗಳನ್ನು ಹುಟ್ಟಿಸುತ್ತದೆ. ಅಂಥವು ಧಾನ್ಯ, ಸಕ್ಕರೆ, ಗುಂಡಿ, ಮೊಳೆ ತುಂಬಿಡಲು ಹೋದವು.

ತೊಳೆಯುವ ಕೆಲಸ

ಒಳಗೆ ಬಿಳಿಯ ಪೊರೆ ಕಟ್ಟಿದ್ದ ಜಾಡಿಗಳೇ ಹೆಚ್ಚು. ಅದು ಗಡಸು ನೀರು ಬಿಟ್ಟುಹೋದ ಸುಣ್ಣ. ವಿನೆಗರ್ ಮತ್ತು ಬೆಚ್ಚನೆಯ ನೀರು ಸಮಪಾಲು ಬೆರೆಸಿ ತುಂಬಿ ರಾತ್ರಿಯಿಡೀ ಬಿಟ್ಟರೆ ಸುಣ್ಣ ಕರಗುತ್ತದೆ. ದಪ್ಪ ಪೊರೆಯಿರುವಲ್ಲಿ ಸಣ್ಣ ಗುಳ್ಳೆಗಳು ಏಳುವುದನ್ನು ಕಾಣಬಹುದು. ಇಷ್ಟಾದರೂ ಹೋಗದ ಮಬ್ಬು ಸುಣ್ಣವಲ್ಲ, ಪಾತ್ರೆ ತೊಳೆಯುವ ಯಂತ್ರದ ಕ್ಷಾರಕ್ಕೆ ಗಾಜಿನ ಮೇಲ್ಮೈಯೇ ಸವೆದದ್ದು. ಅದಕ್ಕೆ ಮದ್ದಿಲ್ಲ. ಬಾಯಂಚು ಸರಿಯಿದ್ದು ಮೈ ಸ್ವಲ್ಪ ಮಸುಕಾಗಿರುವ ಜಾಡಿಗಳನ್ನು ಇಟ್ಟುಕೊಂಡೆ. ಕೈಗೆ ಒರಟಾಗಿ ಹತ್ತುವಷ್ಟು ಸವೆದವನ್ನು ಕೈಬಿಟ್ಟೆ.

ಸ್ಟೀಲಿನ ಉಜ್ಜುವ ನಾರನ್ನು ಮುಟ್ಟಲಿಲ್ಲ. ಗಾಜಿನ ಬಲವೆಲ್ಲ ಗೀರಿಲ್ಲದ ಮೇಲ್ಮೈಯಲ್ಲಿದೆ. ಪ್ರತಿಯೊಂದು ಗೀರೂ ಮುಂದೊಂದು ದಿನ ಬಿರುಕು ಶುರುವಾಗಬಹುದಾದ ಜಾಗ. ಇದೇ ಕಾರಣಕ್ಕೆ ತುಂಬುವಾಗ ಗಾಳಿಯ ಗುಳ್ಳೆ ಬಿಡಿಸಲು ಚಾಕು, ಸ್ಟೀಲ್ ಚಮಚ ಆಡಿಸಬಾರದು. ಮರದ ತೆಳು ಪಟ್ಟಿಯೊಂದನ್ನು ಅಂಚು ದುಂಡಗೆ ಮಾಡಿ ಇದಕ್ಕೆಂದೇ ಇಟ್ಟುಕೊಂಡಿದ್ದೇನೆ.

ತಂತಿಯ ಕ್ಲಿಪ್ಪುಗಳು

ನನಗೆ ಅತ್ಯಂತ ಇಷ್ಟವಾದ ಭಾಗ ಇದು. ತಂತಿಯ ಕ್ಲಿಪ್ ಬಿಗಿಯುವುದು ಮಧ್ಯಬಿಂದುವನ್ನು ದಾಟುವ ಸನ್ನೆಯ ತತ್ವದಿಂದ. ಹಿಡಿಯನ್ನು ಕೆಳಗೆ ಒತ್ತುತ್ತಾ ಹೋದಂತೆ ಬಿಗಿ ಏರುತ್ತದೆ, ಒಂದು ಹಂತ ದಾಟಿದ ಮೇಲೆ ತಾನೇ ಕೆಳಕ್ಕೆ ಎಳೆದುಕೊಂಡು ಜಾಡಿಯ ಮೈಗೆ ಕೂರುತ್ತದೆ. ಅರ್ಧ ದಾರಿಯಲ್ಲಿ ಕೈಗೆ ಸ್ಪಷ್ಟವಾದ ತಡೆ ಸಿಗಬೇಕು. ನನ್ನ ಜಾಡಿಗಳಲ್ಲಿ ಹಲವು ತಡೆಯೇ ಇಲ್ಲದೆ ಸಲೀಸಾಗಿ ಬೀಳುತ್ತಿದ್ದವು.

ಮೊದಲು ಉಂಗುರ ಬದಲಿಸಿದೆ. ಹಳೆಯ ರಬ್ಬರ್ ಉಂಗುರವನ್ನು ಎರಡಾಗಿ ಮಡಚಿ ಮಡಿಕೆಯ ಹೊರಬದಿ ನೋಡಿದರೆ ಸಾಕು: ಕೂದಲೆಳೆಯಂಥ ಒಡಕುಗಳು ತೆರೆದುಕೊಂಡರೆ ಅದರ ಆಯುಸ್ಸು ಮುಗಿದಿದೆ. ಎಳೆದು ಬಿಟ್ಟಾಗ ಮೊದಲಿನ ಅಳತೆಗೆ ಮರಳದಿದ್ದರೂ ಹಾಗೆಯೇ. ಹೊಸದನ್ನು ಕೊಳ್ಳುವಾಗ ಹಳೆಯ ಉಂಗುರವನ್ನು ಅಳೆಯಬಾರದು, ಅದು ಹಿಗ್ಗಿಯೋ ಕುಗ್ಗಿಯೋ ಇರುತ್ತದೆ. ಗಾಜಿನ ಮುಚ್ಚಳದ ಕೆಳಗೆ ಉಂಗುರ ಕೂರುವ ತೋಡಿನ ಒಳವ್ಯಾಸವನ್ನು ಅಳೆದು, ಅದಕ್ಕಿಂತ ತುಸು ಬಿಗಿಯಾಗಿ ಹಿಡಿಯುವ ಉಂಗುರ ತರಿಸಿದೆ.

ಉಂಗುರ ಬದಲಿಸಿದ ಮೇಲೂ ಸಡಿಲವಾಗಿದ್ದವುಗಳ ತಂತಿಯನ್ನು ತಿದ್ದಬೇಕಾಯಿತು. ಮುಚ್ಚಳದ ಮೇಲೆ ಹಾಯುವ ಕಮಾನನ್ನು ಕಳಚಿ, ಅದರ ಎರಡೂ ಕಾಲುಗಳನ್ನು ನಡುವಿನಲ್ಲಿ ಇಕ್ಕಳದಿಂದ ಸ್ವಲ್ಪವೇ ಬಾಗಿಸಿದೆ. ಬಾಗಿದ ಕಾಲಿನ ಉದ್ದ ಒಂದು ಮಿಲಿಮೀಟರಿನಷ್ಟು ಕಡಿಮೆಯಾಗುತ್ತದೆ, ಹಿಡಿಯಲ್ಲಿ ಅದರ ವ್ಯತ್ಯಾಸ ದೊಡ್ಡದಾಗಿಯೇ ತಿಳಿಯುತ್ತದೆ. ಎರಡೂ ಕಾಲು ಸಮವಾಗಿ ಬಾಗಬೇಕು, ಇಲ್ಲವಾದರೆ ಮುಚ್ಚಳ ಒಂದು ಬದಿಗೆ ಓರೆಯಾಗಿ ಕೂರುತ್ತದೆ. ತುಕ್ಕು ಹಿಡಿದ ತಂತಿಯನ್ನು ವಿನೆಗರಿನಲ್ಲಿ ನೆನೆಸಿ ನೈಲಾನ್ ಬ್ರಷ್ಷಿನಿಂದ ಉಜ್ಜಿದೆ. ಸತುವಿನ ಲೇಪನವಿರುವ ತಂತಿಯಾದರೆ ವಿನೆಗರಿನಲ್ಲಿ ಹೆಚ್ಚು ಹೊತ್ತು ಬಿಡಬಾರದು, ಆಮ್ಲ ಆ ಲೇಪನವನ್ನೇ ತಿನ್ನುತ್ತದೆ.

ಬಿಗಿ ಸರಿಬಂತೇ ಎಂದು ನೋಡಲು ಕಾಗದದ ಸಣ್ಣ ಪಟ್ಟಿಗಳನ್ನು ಉಂಗುರಕ್ಕೂ ಬಾಯಂಚಿಗೂ ನಡುವೆ ನಾಲ್ಕು ದಿಕ್ಕಿನಲ್ಲಿ ಇಟ್ಟು ಕ್ಲಿಪ್ ಹಾಕಿದೆ. ಒಂದೊಂದಾಗಿ ಎಳೆದಾಗ ನಾಲ್ಕೂ ಒಂದೇ ಬಗೆಯ ಹಿಡಿತ ತೋರಬೇಕು. ಕೀಲಿನ ಬದಿಯ ಪಟ್ಟಿ ಹರಿದು, ಎದುರು ಬದಿಯದು ಜಾರಿ ಬಂದರೆ ಕಮಾನನ್ನು ಇನ್ನಷ್ಟು ತಿದ್ದಬೇಕು. ನೀರು ತುಂಬಿ ಬೋರಲು ಹಾಕುವ ಪರೀಕ್ಷೆಗಿಂತ ಇದು ನನಗೆ ಹೆಚ್ಚು ನಂಬಿಕೆಯದು. ನೀರು ಸೋರದ ಜಾಗದಿಂದಲೂ ಗಾಳಿ ನುಸುಳಬಲ್ಲದು.

ಇಷ್ಟು ಪ್ರೀತಿಯಿಂದ ತಿದ್ದಿದ ಕ್ಲಿಪ್ ಜಾಡಿಗಳನ್ನು ಕುದಿನೀರಿನ ಕೆಲಸಕ್ಕೆ ಬಳಸುತ್ತಿಲ್ಲ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಗಾಜಿನ ಮುಚ್ಚಳದ ಜಾಡಿಗಳಲ್ಲಿ ಆಹಾರ ಕಾಪಿಡುವ ರೂಢಿ ಗಟ್ಟಿಯಾಗಿಯೇ ಇದೆ. ಅಮೆರಿಕದ ಮನೆಬಳಕೆಯ ಮಾರ್ಗಸೂಚಿಗಳು ಮಾತ್ರ ಹಳೆಯ ತಂತಿ ಕ್ಲಿಪ್ಪಿನ ಜಾಡಿಗಳನ್ನು ಇದಕ್ಕೆ ಶಿಫಾರಸು ಮಾಡುವುದಿಲ್ಲ. ನಾನು ಕುದಿಸುವ ಅವಧಿಗಳನ್ನು ಆ ಮಾರ್ಗಸೂಚಿಗಳಿಂದಲೇ ತೆಗೆದುಕೊಂಡಿರುವಾಗ ಜಾಡಿಯ ವಿಷಯದಲ್ಲಿ ಬೇರೆ ದಾರಿ ಹಿಡಿಯುವುದು ಸರಿಯಲ್ಲ. ಕ್ಲಿಪ್ ಜಾಡಿಗಳಿಗೆ ಒಣ ಪದಾರ್ಥ ಮತ್ತು ಫ್ರಿಜ್‌ನಲ್ಲಿಡುವ ವಿನೆಗರ್ ತರಕಾರಿಗಳು.

ಪಾತ್ರೆಯ ತಳಕ್ಕೊಂದು ಜಾಲರಿ

ತುಂಬಿ ಮುಚ್ಚಿದ ಜಾಡಿಗಳನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕುದಿಸುವಾಗ ಅವನ್ನು ಪಾತ್ರೆಯ ತಳದ ಮೇಲೆ ನೇರವಾಗಿ ಇಡಬಾರದು. ಒಲೆಯ ಬಿಸಿ ಲೋಹದಿಂದ ಗಾಜಿಗೆ ನೇರವಾಗಿ ಹತ್ತುತ್ತದೆ, ಜೊತೆಗೆ ಕುದಿತದ ಅಲುಗಾಟಕ್ಕೆ ಜಾಡಿ ತಳವನ್ನು ಕುಟ್ಟುತ್ತಿರುತ್ತದೆ. ದಪ್ಪ ಬಟ್ಟೆ ಹಾಸಿದರೂ ನಡೆಯುತ್ತದೆ, ಆದರೆ ಬಟ್ಟೆ ಉಬ್ಬಿ ಮೇಲೇಳುತ್ತದೆ, ಜಾಡಿಗಳು ವಾಲುತ್ತವೆ. ತೂತುಗಳಿರುವ ಸ್ಟೇನ್‌ಲೆಸ್ ಸ್ಟೀಲ್ ತಗಡಿನಿಂದ ಒಂದು ಜಾಲರಿ ಮಾಡಿಕೊಂಡೆ. ಪಾತ್ರೆಯ ಒಳವ್ಯಾಸಕ್ಕಿಂತ 2 ಸೆಂಟಿಮೀಟರ್ ಕಡಿಮೆ ವ್ಯಾಸದ ವೃತ್ತ ಗೀಚಿ, ತಗಡು ಕತ್ತರಿಯಿಂದ ಕತ್ತರಿಸಿ, ಅಂಚನ್ನು ಅರದಿಂದ ಚೆನ್ನಾಗಿ ಉಜ್ಜಿದೆ. ಕಾಲುಗಳಿಗೆ 6 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಬೋಲ್ಟುಗಳು: ತಗಡಿನ ಮೇಲೊಂದು, ಕೆಳಗೊಂದು ನಟ್ ಬಿಗಿದು, ಕೆಳಗೆ 20 ಮಿಲಿಮೀಟರ್ ಉಳಿಯುವಂತೆ. ಸುತ್ತಲಿನ ನಾಲ್ಕು ಕಾಲುಗಳಷ್ಟೇ ಇದ್ದಾಗ ತುಂಬಿದ ಜಾಡಿಗಳ ಭಾರಕ್ಕೆ ನಡುಭಾಗ ತಗ್ಗಿತು, ಅಲ್ಲಿಗೂ ಒಂದು ಕಾಲು ಕೊಟ್ಟ ಮೇಲೆ ಗಟ್ಟಿಯಾಯಿತು. ಮೇಲಿನ ನಟ್‌ಗಳು ಜಾಡಿಗಳ ನಡುವಿನ ಸಂದಿಗೆ ಬರುವಂತೆ ಜಾಗ ಗುರುತಿಸಿಕೊಂಡರೆ ಅವೇ ಜಾಡಿಗಳನ್ನು ಒಂದಕ್ಕೊಂದು ತಾಗದಂತೆ ದೂರ ಇಡುತ್ತವೆ.

ಪಾತ್ರೆಯ ಎತ್ತರದ ಲೆಕ್ಕ ಹೀಗೆ: ಜಾಲರಿಗೆ 20 ಮಿಲಿಮೀಟರ್, ಅರ್ಧ ಲೀಟರಿನ ಜಾಡಿಗೆ ಸುಮಾರು 130, ಮುಚ್ಚಳದ ಮೇಲೆ ನಿಲ್ಲಬೇಕಾದ ನೀರಿಗೆ ಕನಿಷ್ಠ 25, ಕುದಿತ ಉಕ್ಕದಿರಲು ಇನ್ನೊಂದು 40. ಒಟ್ಟು 215 ಮಿಲಿಮೀಟರ್. ಇದಕ್ಕಿಂತ ಗಿಡ್ಡ ಪಾತ್ರೆ ಬೇಡ.

ಬಣ್ಣದ ನೀರಿನ ಪ್ರಯೋಗ

ಆಹಾರ ತುಂಬುವ ಮೊದಲು ಇಡೀ ಕ್ರಮವನ್ನು ಬರಿಯ ನೀರಿನಲ್ಲಿ ನಡೆಸಿ ನೋಡಿದೆ. ಜಾಡಿಗಳ ಒಳಗಿನ ನೀರಿಗೆ ಅಡುಗೆಯ ಕೆಂಪು ಬಣ್ಣ ಬೆರೆಸಿದೆ, ಪಾತ್ರೆಯಲ್ಲಿ ತಿಳಿನೀರು. ಜಾಡಿಯಿಂದ ಸೋರಿದ್ದು ತಕ್ಷಣ ಕಣ್ಣಿಗೆ ಬೀಳಲಿ ಎಂಬುದು ಉದ್ದೇಶ. ಚಪ್ಪಟೆ ಮುಚ್ಚಳಗಳನ್ನು ಒಮ್ಮೆ ಮಾತ್ರ ಬಳಸುವುದರಿಂದ ಈ ಪ್ರಯೋಗಕ್ಕೂ ಹೊಸವೇ ಬೇಕು. ಖರ್ಚಾದರೂ ಚಿಂತೆಯಿಲ್ಲ, ಹಳೆಯ ಮುಚ್ಚಳ ಹಾಕಿ ನೋಡಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ಈ ಗಾಜು ಸಾಮಾನ್ಯ ಸೋಡಾ-ಸುಣ್ಣದ ಗಾಜು. ಪ್ರಯೋಗಾಲಯದ ಬೋರೊಸಿಲಿಕೇಟ್ ಗಾಜಿಗಿಂತ ಇದು ಬಿಸಿಗೆ ಎರಡೂವರೆ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಥಟ್ಟನೆ ಬದಲಾಗುವ ಬಿಸಿಯನ್ನು ತಾಳುವ ಶಕ್ತಿ ಕಡಿಮೆ. ಜಾಡಿ, ಒಳಗಿನದು, ಪಾತ್ರೆಯ ನೀರು ಮೂರೂ ಬಿಸಿಯಾಗಿಯೇ ಇರುವಂತೆ ನೋಡಿಕೊಂಡೆ. ಬಳೆಯನ್ನು ಬೆರಳ ತುದಿಗಳಿಂದ ಎಷ್ಟು ತಿರುಗುತ್ತದೋ ಅಷ್ಟೇ ಬಿಗಿದೆ, ಅಂಗೈ ಹಾಕಲಿಲ್ಲ. ಒಳಗಿನ ಗಾಳಿ ಹೊರಹೋಗಲು ಸಂದು ಬೇಕು. ತುಂಬಾ ಬಿಗಿದರೆ ಗಾಳಿಗೆ ದಾರಿಯಿಲ್ಲದೆ ತಗಡಿನ ಮುಚ್ಚಳ ಡೊಂಕಾಗುತ್ತದೆ.

ನೀರು ಕಾದಂತೆ ಪ್ರತಿ ಮುಚ್ಚಳದ ಅಂಚಿನಿಂದ ಸಣ್ಣ ಗುಳ್ಳೆಗಳ ಸರ ಮೇಲೇರತೊಡಗಿತು. ಒಳಗಿನ ಗಾಳಿ ಹಿಗ್ಗಿ, ಹಬೆಯ ತಳ್ಳಾಟಕ್ಕೆ ಹೊರಬೀಳುವುದು ಇದೇ. ಹೊರತೆಗೆದ ಮೇಲೆ ಒಳಗಿನ ಹಬೆ ನೀರಾಗುತ್ತದೆ, ಜಾಗ ಖಾಲಿಯಾಗುತ್ತದೆ, ಹೊರಗಿನ ಗಾಳಿಯ ಒತ್ತಡ ಮುಚ್ಚಳವನ್ನು ಬಾಯಂಚಿಗೆ ಅದುಮುತ್ತದೆ. ತೆಗೆಯುವ ಕ್ರಮವನ್ನು ಬೇಕೆಂದೇ ಎರಡು ಪಾಲು ಮಾಡಿದೆ. ಕೆಲವನ್ನು ಒಲೆ ಆರಿಸಿದ ಕೂಡಲೇ ಎತ್ತಿದೆ; ಉಳಿದವನ್ನು ಪಾತ್ರೆಯ ಮುಚ್ಚಳ ತೆರೆದು 5 ನಿಮಿಷ ಬಿಟ್ಟು ಎತ್ತಿದೆ. ಕೂಡಲೇ ಎತ್ತಿದ ಜಾಡಿಗಳಲ್ಲಿ ಒಳಗಿನ ನೀರು ಇನ್ನೂ ಕುದಿಯುತ್ತಿತ್ತು, ಬಳೆಯ ಕೆಳಗಿನಿಂದ ಕೆಂಪು ನೀರು ಜಿನುಗಿ ಜಾಡಿಯ ಮೈಮೇಲೆ ಗೆರೆಯಾಗಿ ಇಳಿಯಿತು. ಕಾದು ಎತ್ತಿದವುಗಳ ಮೈ ಶುಭ್ರ. ಹೀಗೆ ಜಿನುಗುವಾಗ ಆಹಾರದ ಚೂರು ಬಾಯಂಚಿಗೂ ಮುಚ್ಚಳಕ್ಕೂ ನಡುವೆ ಸಿಕ್ಕಿಕೊಂಡರೆ ಬಿಗಿ ಹಿಡಿಯುವುದಿಲ್ಲ. ಆ 5 ನಿಮಿಷವನ್ನು ಯಾರೂ ಉಳಿಸಲು ಹೋಗಬಾರದು.

ಒಂದು ಜಾಡಿ ಮಾತ್ರ ಬಿಗಿ ಹಿಡಿಯಲಿಲ್ಲ. ಮುಚ್ಚಳದ ನಡುವೆ ಒತ್ತಿದರೆ ಟಕ್ ಎಂದು ಒಳಹೋಗಿ ಹೊರಬರುತ್ತಿತ್ತು. ಭೂತಕನ್ನಡಿ ಹಿಡಿದಾಗ ಕಾರಣ ಸಿಕ್ಕಿತು: ನೆತ್ತಿಯ ಮೇಲೆ ಅಡ್ಡಲಾಗಿ ಹಾದುಹೋದ ಅಚ್ಚಿನ ಗೆರೆಯ ಪಕ್ಕದಲ್ಲಿ ಸೂಜಿಯ ಮೊನೆಯಷ್ಟು ತಗ್ಗು. ತಗ್ಗು ನಯವಾಗಿದ್ದುದರಿಂದ ಹತ್ತಿಗೂ ಸಿಕ್ಕಿರಲಿಲ್ಲ.

ಮೊದಲ ನಿಜವಾದ ಸರದಿ

ಟೊಮೆಟೊದಿಂದ ಆರಂಭಿಸಿದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮುಚ್ಚಳ ಬಿಗಿದಿದೆ ಎಂದ ಮಾತ್ರಕ್ಕೆ ಒಳಗಿನದು ಸುರಕ್ಷಿತ ಎಂದಲ್ಲ. ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆಯುವುದೇ ಗಾಳಿಯಿಲ್ಲದ ಕಡೆ; ಅದರ ಬೀಜಕಗಳು 100 ಡಿಗ್ರಿಯ ಕುದಿನೀರಿಗೆ ಸಾಯುವುದಿಲ್ಲ, ಅದರ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅದನ್ನು ತಡೆಯುವುದು ಆಮ್ಲ. ಆಮ್ಲದ ಅಳತೆಯಾದ ಪಿಎಚ್ (ಇದು ಇಳಿದಷ್ಟೂ ಹುಳಿ ಹೆಚ್ಚು) 4.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಬೀಜಕಗಳು ಮೊಳೆತು ಬೆಳೆಯಲಾರವು. ಹೆಚ್ಚಿನ ಹಣ್ಣುಗಳು ಈ ಗೆರೆಯ ಕೆಳಗಿವೆ. ಬೀನ್ಸ್, ಜೋಳ, ಮಾಂಸ, ವಿನೆಗರ್ ಹಾಕದ ತರಕಾರಿಗಳೆಲ್ಲ ಗೆರೆಯ ಮೇಲಿವೆ, ಅವಕ್ಕೆ 116 ಡಿಗ್ರಿಯ ಆಸುಪಾಸಿಗೆ ಏರಿಸುವ ಒತ್ತಡದ ಕ್ಯಾನರ್, ಅಂದರೆ ಹಬೆಯ ಒತ್ತಡದಲ್ಲಿ ಜಾಡಿಗಳನ್ನು ಕಾಯಿಸುವ ದೊಡ್ಡ ಪಾತ್ರೆ, ಬೇಕು. ಸಣ್ಣ ಪ್ರೆಷರ್ ಕುಕ್ಕರ್ ಅದರ ಬದಲಿಯಲ್ಲ; ಅದು ಬೇಗ ಬಿಸಿಯಾಗಿ ಬೇಗ ತಣಿಯುತ್ತದೆ, ಮಾರ್ಗಸೂಚಿಯ ಅವಧಿಗಳು ಅದಕ್ಕೆ ಅನ್ವಯಿಸುವುದಿಲ್ಲ.

ಟೊಮೆಟೊ ಆ ಗೆರೆಯ ಮೇಲೆಯೇ ನಿಂತಿರುವ ಹಣ್ಣು, ತಳಿ ಮತ್ತು ಮಾಗಿದ ಹದದ ಮೇಲೆ ಅತ್ತಿತ್ತ ವಾಲುತ್ತದೆ. ಅದಕ್ಕಾಗಿ ಅರ್ಧ ಲೀಟರಿನ ಪ್ರತಿ ಜಾಡಿಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲವನ್ನು ಮೊದಲೇ ಹಾಕಿಟ್ಟು, ಸಿಪ್ಪೆ ತೆಗೆದು ಜಜ್ಜಿ ಕುದಿಸಿದ ಟೊಮೆಟೊವನ್ನು ಬಿಸಿಯಾಗಿಯೇ ತುಂಬಿದೆ. ಮೇಲೆ 12 ಮಿಲಿಮೀಟರ್‌ನಷ್ಟು ಜಾಗ ಬಿಟ್ಟೆ. ಮರದ ಪಟ್ಟಿಯಿಂದ ಗುಳ್ಳೆ ಬಿಡಿಸಿ, ಬಾಯಂಚನ್ನು ಒದ್ದೆ ಬಟ್ಟೆಯಿಂದ ಒಂದು ಸುತ್ತು, ಬಟ್ಟೆಯ ಶುಭ್ರ ಭಾಗ ಮಡಚಿಕೊಂಡು ಮತ್ತೊಂದು ಸುತ್ತು ಒರೆಸಿದೆ. ಒಂದು ಟೊಮೆಟೊ ಬೀಜ ಉಳಿದರೂ ಸಾಕು, ಅಷ್ಟು ಹೊತ್ತಿನ ದುಡಿಮೆ ವ್ಯರ್ಥ.

ಕುದಿಸುವ ಅವಧಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೇವೆ ಎಂಬುದರ ಮೇಲಿದೆ. ಸುಮಾರು 300 ಮೀಟರ್ ಮೇಲೇರಿದರೆ ನೀರು 1 ಡಿಗ್ರಿ ಕಡಿಮೆ ಬಿಸಿಯಲ್ಲಿಯೇ ಕುದಿಯುತ್ತದೆ. ಜಜ್ಜಿದ ಟೊಮೆಟೊದ ಅರ್ಧ ಲೀಟರ್ ಜಾಡಿಗೆ 300 ಮೀಟರ್‌ವರೆಗೆ 35 ನಿಮಿಷ, 900ರವರೆಗೆ 40, 1800ರವರೆಗೆ 45, ಅದಕ್ಕೂ ಮೇಲಾದರೆ 50. ಗಡಿಯಾರ ನೋಡಲು ಶುರುಮಾಡಬೇಕಾದದ್ದು ಜಾಡಿ ಇಳಿಸಿದಾಗಲ್ಲ, ನೀರು ಮತ್ತೆ ಪೂರ್ತಿ ಕುದಿಗೆ ಬಂದಾಗ. ಪಾತ್ರೆಯ ನೀರಿಗೆ ಸ್ವಲ್ಪ ವಿನೆಗರ್ ಸುರಿದಿದ್ದರಿಂದ ಜಾಡಿಗಳ ಹೊರಮೈಯಲ್ಲಿ ಸುಣ್ಣ ಕಟ್ಟಲಿಲ್ಲ.

ತೆಗೆದ ಜಾಡಿಗಳನ್ನು ಬಟ್ಟೆಯ ಮೇಲೆ, ಗಾಳಿ ಬೀಸದ ಕಡೆ, ನಡುವೆ ಜಾಗ ಬಿಟ್ಟು ನೆಟ್ಟಗೆ ಇಟ್ಟೆ. ಬಳೆಯನ್ನು ಮತ್ತೆ ಬಿಗಿಯಬಾರದು, ಮುಚ್ಚಳದ ಅಂಚಿನಡಿ ಬಿಸಿಗೆ ಮೃದುವಾಗಿರುವ, ಬಿಗಿ ಹಿಡಿಯುವ ಪದರ ಸರಿದುಹೋಗುತ್ತದೆ. 12ರಿಂದ 24 ಗಂಟೆ ಕಳೆದ ಮೇಲೆ ಬಳೆಗಳನ್ನು ಬಿಚ್ಚಿ, ಚಪ್ಪಟೆ ಮುಚ್ಚಳದ ಅಂಚನ್ನಷ್ಟೇ ಬೆರಳ ತುದಿಗಳಲ್ಲಿ ಹಿಡಿದು, ಬಟ್ಟೆಯಿಂದ ಎರಡು ಬೆರಳಿನಷ್ಟು ಮೇಲಕ್ಕೆ ಎತ್ತಿ ನೋಡಿದೆ. ಟೊಮೆಟೊ ತುಂಬಿದ ಜಾಡಿ ಬರೀ ಮುಚ್ಚಳಕ್ಕೆ ಜೋತುಬಿದ್ದು ಬಂದರೆ ಬಿಗಿ ಸರಿಯಾಗಿದೆ. ಈ ಸರದಿಯಲ್ಲಿ ಎಲ್ಲವೂ ಬಂದವು. ಬಾರದಿದ್ದರೆ 24 ಗಂಟೆಯೊಳಗೆ ಹೊಸ ಮುಚ್ಚಳ ಹಾಕಿ ಮತ್ತೆ ಪೂರ್ತಿ ಅವಧಿ ಕುದಿಸಬೇಕು, ಇಲ್ಲವೇ ಫ್ರಿಜ್‌ನಲ್ಲಿಟ್ಟು ಬೇಗ ಬಳಸಬೇಕು.

ಬಳೆಗಳನ್ನು ತಿರುಗಿ ಹಾಕದೆಯೇ ಬೀರುವಿನಲ್ಲಿಟ್ಟಿದ್ದೇನೆ. ಬಳೆಯಿದ್ದರೆ ಅದರಡಿ ತೇವ ನಿಂತು ತುಕ್ಕು ಹಿಡಿಯುತ್ತದೆ, ಜೊತೆಗೆ ಬಿಗಿ ಬಿಟ್ಟ ಮುಚ್ಚಳವನ್ನೂ ಸರಿಯಿರುವಂತೆ ಹಿಡಿದು ನಿಲ್ಲಿಸಿ ದೋಷವನ್ನು ಮುಚ್ಚಿಡುತ್ತದೆ. ಮುಚ್ಚಳದ ಮೇಲೆ ದಿನಾಂಕ ಬರೆದಿದೆ, ಒಂದು ವರ್ಷದೊಳಗೆ ಖಾಲಿ ಮಾಡುವ ಲೆಕ್ಕ. ಕೆಲಸಕ್ಕೆ ಬಾರದೆಂದು ಹೊರಬಿದ್ದ ಜಾಡಿಗಳ ತಳಕ್ಕೆ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದೇನೆ, ಮನೆಯಲ್ಲಿ ಬೇರೆ ಯಾರಾದರೂ ಅವನ್ನು ತೆಗೆದು ಬಿಸಿಯಾದದ್ದನ್ನು ತುಂಬದಿರಲಿ ಎಂದು. ಅಚ್ಚಿನ ಗೆರೆಯ ಪಕ್ಕದಲ್ಲಿ ತಗ್ಗಿದ್ದ ಆ ಒಂದು ಜಾಡಿಗೂ ಚುಕ್ಕೆ ಬಿದ್ದಿದೆ, ಈಗ ಅದರಲ್ಲಿ ಸಿಟ್ರಿಕ್ ಆಮ್ಲದ ಪುಡಿ ಇದೆ.